ನಿಧಾನ ಎಲ್ಲಿದೆ ಎಂದು ತೋರಿಸಿದ ನ್ಯೂ ರೆಲಿಕ್: ಅಡಿಕೆ ಟೆಂಡರಿನ ಸರ್ವರ್ ನೋಡಿಕೊಳ್ಳುವವಳ ಅನುಭವ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ಸಹಕಾರಿ ಸಂಘಗಳಿಗೆ ಟೆಂಡರ್ ನಡೆಸುವ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ನಮ್ಮದು. ಸರ್ವರ್ ಕಡೆಯ ಕೆಲಸ ನನ್ನದು. ಬೆಳೆಗಾರರು ತಂದ ಅಡಿಕೆಯನ್ನು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು ಎಂದು ವಿಂಗಡಿಸಿ, ಲಾಟ್ ನಂಬರ್ ಕೊಟ್ಟು, ವ್ಯಾಪಾರಸ್ಥರು ಕ್ವಿಂಟಲ್ಲಿಗೆ ಇಷ್ಟು ಎಂದು ದರ ಹಾಕಿ, ಹೆಚ್ಚು ಹಾಕಿದವರಿಗೆ ಲಾಟ್ ಹೋಗುವ ವ್ಯವಹಾರ ಇದು. ಈ ಕೆಲಸದ ಸ್ವಭಾವವೇ ಹಾಗೆ: ಬೆಳಗ್ಗೆಯೆಲ್ಲ ಸರ್ವರ್ ಖಾಲಿ ಕೂತಿರುತ್ತದೆ. ಟೆಂಡರ್ ಮುಗಿಯುವ ಮೊದಲಿನ ಕೆಲವು ನಿಮಿಷ ಮತ್ತು ದರ ಘೋಷಣೆಯಾದ ನಂತರದ ಕೆಲವು ನಿಮಿಷ, ಇಷ್ಟರಲ್ಲೇ ದಿನದ ಭಾರವೆಲ್ಲ ಬೀಳುತ್ತದೆ. ಆ ಹೊತ್ತಿನಲ್ಲಿ ಪುಟ ತೆರೆಯದಿದ್ದರೆ ವ್ಯಾಪಾರಸ್ಥನ ದರ ಒಳಗೆ ಹೋಗುವುದಿಲ್ಲ. ಅವನ ದರ ಒಳಗೆ ಹೋಗದಿದ್ದರೆ ಬೆಳೆಗಾರನಿಗೆ ಸಿಗಬೇಕಾದ ನಾಲ್ಕು ಕಾಸು ಕಡಿಮೆಯಾಗುತ್ತದೆ. ಹಾಗಾಗಿ ಆ್ಯಪ್‌ನ ವೇಗ ನನಗೆ ಬರೀ ತಾಂತ್ರಿಕ ವಿಷಯವಲ್ಲ.

ಹಿಂದಿನ ಸೀಸನ್‌ನಲ್ಲಿ ದೂರು ಬರುತ್ತಿತ್ತು. ಸಂಘದ ಲೆಕ್ಕದವರು ಫೋನ್ ಮಾಡಿ, "ಮೇಡಂ, ಸುತ್ತುತ್ತಾ ಇದೆ, ಲಾಟ್ ಪಟ್ಟಿ ಬರ್ತಾ ಇಲ್ಲ, ಜನ ಕೌಂಟರ್ ಎದುರು ನಿಂತಿದ್ದಾರೆ" ಎನ್ನುತ್ತಿದ್ದರು. ಎಲ್ಲರ ಬಾಯಲ್ಲೂ ಸಿದ್ಧವಾಗಿದ್ದ ಉತ್ತರ ಒಂದೇ, ನೆಟ್‌ವರ್ಕ್. ಘಟ್ಟದ ಮೇಲಿನ ಊರುಗಳಲ್ಲಿ ಸಿಗ್ನಲ್ಲಿನ ಗತಿ ಎಲ್ಲರಿಗೂ ಗೊತ್ತು, ಆದ್ದರಿಂದ ಆ ಉತ್ತರವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಕ್ಲೌಡ್‌ನವರು ಸರ್ವರ್ ಜೊತೆಗೇ ಕೊಡುವ, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಸಿಪಿಯು ಗ್ರಾಫ್ ನೋಡಿದರೆ ಅದೂ ಶಾಂತವಾಗಿ ಮಲಗಿರುತ್ತಿತ್ತು. ಸಿಪಿಯು ಖಾಲಿ, ಮೆಮೊರಿ ಸಾಕಷ್ಟು, ಜನ ಮಾತ್ರ ಕಾಯುತ್ತಿದ್ದಾರೆ. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ನ್ಯೂ ರೆಲಿಕ್ ಹಾಕಿದ್ದು.

ಇದು 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಕಂಪನಿ. ಆ್ಯಪ್‌ನ ಒಳಗೆ ಏನಾಗುತ್ತಿದೆ ಎಂದು ಅಳೆದು ತೋರಿಸುವ ಸೇವೆಗಳಲ್ಲಿ ಹಳೆಯದು. ಮೊದಲು ಸರ್ವರ್ ಒಂದಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತಿದ್ದರು. 2020ರಿಂದ ಕಳಿಸುವ ಡೇಟಾ ಎಷ್ಟು, ಪೂರ್ತಿ ಬಳಸುವ ಜನ ಎಷ್ಟು ಎಂಬುದರ ಮೇಲೆ ಲೆಕ್ಕ. ತಿಂಗಳಿಗೆ 100 ಜಿಬಿ ಡೇಟಾ ಮತ್ತು ಪೂರ್ತಿ ಹಕ್ಕಿನ ಒಬ್ಬ ಬಳಕೆದಾರ ಉಚಿತ. ಬರೀ ಮೇಲ್ಮೇಲೆ ನೋಡುವ ಬೇಸಿಕ್ ಬಳಕೆದಾರರು ಎಷ್ಟು ಜನ ಇದ್ದರೂ ದುಡ್ಡಿಲ್ಲ. ನಮ್ಮಂಥ ಬೆರಳೆಣಿಕೆಯ ಜನರ ತಂಡಕ್ಕೆ ಇದನ್ನು ಪ್ರಯತ್ನಿಸಿ ನೋಡುವ ಧೈರ್ಯ ಕೊಟ್ಟದ್ದು ಆ ಉಚಿತ ಪಾಲೇ.

ಹಾಕುವುದು ಸುಲಭ. ನಮ್ಮ ಆ್ಯಪ್ ಜಾವಾ ಭಾಷೆಯದು, ಸ್ಪ್ರಿಂಗ್ ಬೂಟ್ ಎಂಬ ಚೌಕಟ್ಟಿನ ಮೇಲೆ ಕಟ್ಟಿದ್ದು, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಆ್ಯಪ್ ಜೊತೆಗೇ ಓಡುತ್ತ ಅಳತೆ ಕಳಿಸುವ ಏಜೆಂಟ್ ಎಂಬ ಒಂದು ಜಾರ್ ಫೈಲು (ಜಾವಾ ಪ್ರೋಗ್ರಾಂನ ಕಟ್ಟು), ಅದರ ಜೊತೆ ಒಂದು ಕಾನ್ಫಿಗ್ ಫೈಲು, ಅದರೊಳಗೆ ಲೈಸೆನ್ಸ್ ಕೀ ಮತ್ತು ಆ್ಯಪ್‌ನ ಹೆಸರು. ಜಾವಾ ಶುರುವಾಗುವ ಸಾಲಿಗೆ ಆ ಜಾರ್‌ನ ದಾರಿ ಸೇರಿಸಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು, ನಮ್ಮ ಕೋಡನ್ನು ಮುಟ್ಟುವ ಹಾಗೇ ಇಲ್ಲ. ಬಳಕೆದಾರರ ಕೋರಿಕೆಯನ್ನು, ಅಂದರೆ ರಿಕ್ವೆಸ್ಟನ್ನು, ಬರಮಾಡಿಕೊಳ್ಳುವ ಕಂಟ್ರೋಲರ್, ಡೇಟಾಬೇಸ್ ಕರೆ, ಹೊರಗಿನ ಎಚ್‌ಟಿಟಿಪಿ ಕರೆ ಎಲ್ಲವನ್ನೂ ಅದೇ ಗುರುತಿಸಿಕೊಳ್ಳುತ್ತದೆ. ನಮ್ಮದೇ ಒಳಗಿನ ಒಂದು ಮೆಥಡ್ (ಕೋಡಿನ ತುಣುಕು) ಬೇರೆಯಾಗಿ ಕಾಣಬೇಕೆಂದರೆ ಮಾತ್ರ ಅದರ ತಲೆಯ ಮೇಲೆ ಟ್ರೇಸ್ ಎಂಬ ಗುರುತು ಹಾಕಬೇಕು. ಖಾತೆ ತೆರೆಯುವಾಗ ಡೇಟಾ ಯಾವ ಪ್ರದೇಶದ ಕೇಂದ್ರದಲ್ಲಿ ಇರಬೇಕು ಎಂದು ಕೇಳುತ್ತಾರೆ. ಅದನ್ನು ಅವಸರದಲ್ಲಿ ಒತ್ತಬೇಡಿ, ಆಮೇಲೆ ಬದಲಿಸಲು ಹೊಸ ಖಾತೆಯೇ ಬೇಕಾಗುತ್ತದೆ.

ಮೊದಲು ತೆರೆದುಕೊಳ್ಳುವ ಪುಟದಲ್ಲಿ ದೊಡ್ಡದಾಗಿ ಕಾಣುವುದು ಸರಾಸರಿ ಸಮಯದ ಬಣ್ಣಬಣ್ಣದ ಗ್ರಾಫ್. ಹೊಸಬರಿಗೆ ನಾನು ಹೇಳುವ ಮೊದಲ ಮಾತು, ಸರಾಸರಿಯನ್ನು ನಂಬಬೇಡಿ. ಇಪ್ಪತ್ತು ಜನ ಲಾಟ್ ಪಟ್ಟಿ ಕೇಳಿದರು ಅಂದುಕೊಳ್ಳಿ. ಹತ್ತೊಂಬತ್ತು ಜನರಿಗೆ 0.2 ಸೆಕೆಂಡಿಗೆ ಬಂತು, ಒಬ್ಬನಿಗೆ 8 ಸೆಕೆಂಡ್ ಹಿಡಿಯಿತು. ಸರಾಸರಿ 0.59 ಸೆಕೆಂಡ್. ಗ್ರಾಫ್ ನೋಡಿದವರು ಎಲ್ಲ ಚೆನ್ನಾಗಿದೆ ಅನ್ನುತ್ತಾರೆ. ಆ ಒಬ್ಬ ಮಾತ್ರ ಎಂಟು ಸೆಕೆಂಡ್ ಕಾದು, ಬೇಸತ್ತು, ಮತ್ತೆ ಮತ್ತೆ ರಿಫ್ರೆಶ್ ಒತ್ತಿ ಸರ್ವರ್ ಮೇಲೆ ಇನ್ನಷ್ಟು ಭಾರ ಹಾಕಿರುತ್ತಾನೆ. ಅದೇ ಪುಟದಲ್ಲಿ ಸರಾಸರಿಯ ಬದಲು ಪರ್ಸೆಂಟೈಲ್ ಆರಿಸಿಕೊಳ್ಳಲು ಬರುತ್ತದೆ. 95ನೇ ಪರ್ಸೆಂಟೈಲ್, ಚಿಕ್ಕದಾಗಿ ಪಿ95, ಅಂದರೆ ನೂರರಲ್ಲಿ ತೊಂಬತ್ತೈದು ರಿಕ್ವೆಸ್ಟ್ ಇಷ್ಟರೊಳಗೆ ಮುಗಿದವು, ಉಳಿದ ಐದಕ್ಕೆ ಇದಕ್ಕಿಂತ ಹೆಚ್ಚು ಹಿಡಿಯಿತು ಎಂದು. ನಮ್ಮ ಸರಾಸರಿ ಗೆರೆ ದಿನವಿಡೀ ಮಟ್ಟಸವಾಗಿದ್ದರೆ ಪಿ95 ಗೆರೆ ಟೆಂಡರ್ ಮುಗಿಯುವ ಹೊತ್ತಿಗೆ ನೆಟ್ಟಗೆ ಮೇಲೆದ್ದು, ಮತ್ತೆ ದರ ಘೋಷಣೆ ಹೊತ್ತಿಗೆ ಇನ್ನೂ ಎತ್ತರಕ್ಕೆ ಏರಿತ್ತು. ಫೋನ್ ಬರುತ್ತಿದ್ದ ಸಮಯಕ್ಕೂ ಆ ಎರಡು ಏರುಗಳಿಗೂ ತಾಳೆಯಾಯಿತು. ಈ ಸಮಯವನ್ನು ಅಳೆಯುವುದು ಸರ್ವರ್ ಒಳಗೆ. ರಿಕ್ವೆಸ್ಟ್ ಬಂದು ಮುಟ್ಟಿದ ಮೇಲಿನ ಲೆಕ್ಕ ಅದು, ಬೆಳೆಗಾರನ ಮೊಬೈಲ್ ಸಿಗ್ನಲ್ ಅದರಲ್ಲಿ ಸೇರುವುದಿಲ್ಲ. ನೆಟ್‌ವರ್ಕ್ ಎಂಬ ಉತ್ತರ ಅಲ್ಲಿಗೆ ಬಿದ್ದುಹೋಯಿತು.

ಮೊದಲ ಏರು ಬಿಡಿಸುವುದು ಸುಲಭವಾಯಿತು. ಒಂದು ರಿಕ್ವೆಸ್ಟ್ ಬಂದು ಮುಗಿಯುವವರೆಗಿನ ಕೆಲಸವನ್ನು ನ್ಯೂ ರೆಲಿಕ್ ಟ್ರಾನ್ಸಾಕ್ಷನ್ ಅನ್ನುತ್ತದೆ. ನಿಧಾನವಾದ ಟ್ರಾನ್ಸಾಕ್ಷನ್ ಒಂದನ್ನು ತೆರೆದರೆ ಅದರ ಸಮಯವನ್ನೆಲ್ಲ ಸಾಲುಸಾಲಾಗಿ ಬಿಡಿಸಿಟ್ಟಿರುತ್ತದೆ, ಇದಕ್ಕೆ ಟ್ರೇಸ್ ಎಂದು ಹೆಸರು: ಇಷ್ಟು ನಮ್ಮ ಕೋಡಿನಲ್ಲಿ, ಇಷ್ಟು ಡೇಟಾಬೇಸಿನಲ್ಲಿ, ಇಷ್ಟು ಹೊರಗಿನ ಸೇವೆಯಲ್ಲಿ. ಡೇಟಾಬೇಸ್ ಭಾಗ ನೋಡಿದರೆ ಲಾಟ್ ಪಟ್ಟಿಗೆ ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಆಮೇಲೆ ಪ್ರತಿ ಲಾಟಿಗೂ ಬೆಳೆಗಾರನ ಹೆಸರು, ತರಗತಿ, ಚೀಲದ ಲೆಕ್ಕ ತರಲು ಅದೇ ಕ್ವೆರಿ ಮತ್ತೆ ಮತ್ತೆ. ಒಂದೊಂದಕ್ಕೆ ಹಿಡಿದದ್ದು ಮಿಲಿಸೆಕೆಂಡುಗಳು, ಆದ್ದರಿಂದಲೇ ಡೇಟಾಬೇಸಿನ ನಿಧಾನ ಕ್ವೆರಿಗಳ ಪಟ್ಟಿಯಲ್ಲಿ ಅದು ಎಂದೂ ಕಾಣಿಸಿಕೊಂಡಿರಲಿಲ್ಲ. ಎಷ್ಟು ಸಲ ಎಂಬ ಕಾಲಮ್ಮಿನಲ್ಲಿ ಮೂರಂಕಿ ಸಂಖ್ಯೆ ಕಂಡಾಗ ವಿಷಯ ತಿಳಿಯಿತು. ಜಾವಾ ಕಡೆಯ ಎಲ್ಲರಿಗೂ ಪರಿಚಯವಿರುವ ಎನ್ ಪ್ಲಸ್ ಒನ್ ಕಾಯಿಲೆ: ಪಟ್ಟಿಗೆ ಒಂದು ಕ್ವೆರಿ, ಅದರೊಳಗಿನ ಎನ್ ಸಾಲಿಗೆ ಮತ್ತೆ ಎನ್ ಕ್ವೆರಿ. ಟೇಬಲ್ಲುಗಳನ್ನು ಜೋಡಿಸಿ ಓದುವ ಜಾಯಿನ್ ಹಾಕಿ ಒಂದೇ ಸಲಕ್ಕೆ ತರುವಂತೆ ಮಾಡಿದೆವು, ಆ ಏರು ಇಳಿಯಿತು.

ಎರಡನೆಯದು ಹಾಗಲ್ಲ. ಈ ಸೇವೆಯ ಮಹತ್ವ ನನಗೆ ಗೊತ್ತಾದದ್ದೇ ಅಲ್ಲಿ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ದರ ಘೋಷಣೆಯ ಹೊತ್ತಿಗೆ ನಿಧಾನವಾಗುತ್ತಿದ್ದದ್ದು ಒಂದು ಪುಟವಲ್ಲ, ಎಲ್ಲ ಪುಟಗಳೂ. ದರದೊಂದಿಗೆ ಯಾವ ಸಂಬಂಧವೂ ಇಲ್ಲದ, ಡೇಟಾಬೇಸಿನಿಂದ ನಾಲ್ಕು ಸಾಲು ತರುವ ಲಾಗಿನ್ ಕೂಡ. ಅಂಥ ಒಂದು ಲಾಗಿನ್ ಟ್ರೇಸ್ ತೆರೆದೆ. ಒಟ್ಟು ಆರು ಸೆಕೆಂಡಿಗೂ ಹೆಚ್ಚು, ಅದರಲ್ಲಿ ಕ್ವೆರಿಗೆ ಹೋದದ್ದು ಮೂರು ಮಿಲಿಸೆಕೆಂಡ್. ಉಳಿದ ಅಷ್ಟೂ ಸಮಯ ಒಂದೇ ಸಾಲಿನ ಎದುರು ಇತ್ತು: ಹಿಕಾರಿ ಡೇಟಾಸೋರ್ಸ್, ಗೆಟ್‌ಕನೆಕ್ಷನ್. ಅಂದರೆ ಡೇಟಾಬೇಸ್ ನಿಧಾನವಿರಲಿಲ್ಲ, ಡೇಟಾಬೇಸಿನ ಬಾಗಿಲಿಗೆ ಹೋಗುವುದಕ್ಕೇ ಸರತಿ. ಡೇಟಾಬೇಸ್ ಕನೆಕ್ಷನ್ನುಗಳನ್ನು ಸಿದ್ಧವಾಗಿಟ್ಟು ಹಂಚುವುದು ಸ್ಪ್ರಿಂಗ್ ಬೂಟ್ ಜೊತೆ ಬರುವ ಹಿಕಾರಿ ಪೂಲ್. ಅದು ನಾವೇನೂ ಬದಲಿಸದಿದ್ದರೆ ಹೆಚ್ಚೆಂದರೆ 10 ಕನೆಕ್ಷನ್ ಇಟ್ಟುಕೊಳ್ಳುತ್ತದೆ, ಸಿಗದಿದ್ದರೆ 30 ಸೆಕೆಂಡಿನವರೆಗೆ ಕಾಯಿಸುತ್ತದೆ. ಸಂಘದಲ್ಲಿ ಹತ್ತು ಕೌಂಟರ್ ಇದ್ದು, ಹತ್ತೂ ಕಡೆ ಗುಮಾಸ್ತರು ಫೋನ್ ಹಿಡಿದು ಯಾರದೋ ಉತ್ತರಕ್ಕೆ ಕಾಯುತ್ತ ಕೂತರೆ ಹೇಗೋ ಹಾಗೆ. ಕೆಲಸ ನಡೆಯುತ್ತಿಲ್ಲ, ಕೌಂಟರ್ ಖಾಲಿಯೂ ಇಲ್ಲ. ಸಿಪಿಯು ಗ್ರಾಫ್ ಮಲಗಿದ್ದದ್ದು ಈ ಕಾರಣಕ್ಕೆ. ಕಾಯುವುದಕ್ಕೆ ಸಿಪಿಯು ಬೇಕಾಗುವುದಿಲ್ಲ.

ಹಾಗಾದರೆ ಆ ಹತ್ತು ಕನೆಕ್ಷನ್ ಯಾರ ಕೈಯಲ್ಲಿ? ಅದೇ ನಿಮಿಷದ ಬೇರೆ ಟ್ರೇಸ್‌ಗಳನ್ನು ತೆರೆದು ನೋಡುತ್ತ ಹೋದರೆ ದರ ಘೋಷಣೆಯ ಟ್ರಾನ್ಸಾಕ್ಷನ್ ಸಿಕ್ಕಿತು. ಬಹಳ ಹಿಂದೆ ಬರೆದ ಕೋಡ್. ಮಾರಾಟದ ಸಾಲನ್ನು ಟೇಬಲ್ಲಿಗೆ ಬರೆದು, ಬೆಳೆಗಾರನಿಗೆ ಎಸ್‌ಎಂಎಸ್ ಕಳಿಸಿ, ಆಮೇಲೆ ಕಮಿಟ್ ಮಾಡುತ್ತಿತ್ತು, ಅಂದರೆ ಬರೆದದ್ದನ್ನು ಡೇಟಾಬೇಸಿನಲ್ಲಿ ಕಾಯಂ ಮಾಡುತ್ತಿತ್ತು. ಎಸ್‌ಎಂಎಸ್ ಎಂದರೆ ಹೊರಗಿನ ಒಂದು ಗೇಟ್‌ವೇ ಸೇವೆಗೆ ಎಚ್‌ಟಿಟಿಪಿ ಕರೆ. ಟ್ರೇಸ್‌ನಲ್ಲಿ ಆ ಕರೆಯ ಗೆರೆ ಉದ್ದಕ್ಕೆ ಚಾಚಿಕೊಂಡಿತ್ತು, ಕೆಲವು ಸಲ ಎಂಟು ಸೆಕೆಂಡ್. ಮೇಲೆ ಸಾಲು ಬರೆದ ಇನ್ಸರ್ಟ್ ಒಂದು ಸಣ್ಣ ಗೀರು, ಕೆಳಗೆ ಕಮಿಟ್ ಇನ್ನೊಂದು ಸಣ್ಣ ಗೀರು, ನಡುವೆ ಅಷ್ಟುದ್ದ ಎಸ್‌ಎಂಎಸ್. ಆ ಎಂಟು ಸೆಕೆಂಡೂ ಡೇಟಾಬೇಸ್ ಕನೆಕ್ಷನ್ ಸುಮ್ಮನೆ ಕೈಯಲ್ಲಿ. ಬೇರೆ ಬೇರೆ ಸಂಘಗಳಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಲಾಟ್ ಮೇಲೆ ಲಾಟ್ ದರ ಒತ್ತುತ್ತ ಹೋದರೆ ಹತ್ತು ಕನೆಕ್ಷನ್ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತವೆ. ಆಮೇಲೆ ಲಾಗಿನ್ ಮಾಡುವವನೂ ಕಾಯಬೇಕು, ಹಳೆಯ ಬಿಲ್ ನೋಡುವವನೂ ಕಾಯಬೇಕು.

ಎಸ್‌ಎಂಎಸ್ ಕಳಿಸುವುದನ್ನು ಡೇಟಾಬೇಸ್ ಟ್ರಾನ್ಸಾಕ್ಷನ್ನಿನಿಂದ, ಅಂದರೆ ಬರೆಯಲು ಶುರುಮಾಡಿ ಕಮಿಟ್ ಆಗುವವರೆಗಿನ ಭಾಗದಿಂದ, ಹೊರಗೆ ತೆಗೆದೆವು. ಈಗ ಮಾರಾಟದ ಜೊತೆಗೇ ಒಂದು ಟೇಬಲ್ಲಿನಲ್ಲಿ ಇಂಥವರಿಗೆ ಇಂಥ ಸಂದೇಶ ಹೋಗಬೇಕು ಎಂದು ಬರೆದಿಟ್ಟು ಕಮಿಟ್ ಮಾಡುತ್ತೇವೆ. ಹಿಂದಿನಿಂದ ಇನ್ನೊಂದು ಸಣ್ಣ ಕೆಲಸಗಾರ ಪ್ರೋಗ್ರಾಂ ಅದನ್ನು ಓದಿ ಕಳಿಸುತ್ತದೆ, ಕನೆಕ್ಟ್ ಆಗಲು ಇಷ್ಟು, ಉತ್ತರಕ್ಕೆ ಇಷ್ಟು ಎಂದು ಟೈಮ್‌ಔಟ್ ಹಾಕಿಕೊಂಡು. ಇದರಿಂದ ಇನ್ನೊಂದು ಒಳ್ಳೆಯದೂ ಆಯಿತು. ಗೇಟ್‌ವೇ ಕೈಕೊಟ್ಟರೆ ಮೊದಲು ಮಾರಾಟದ ನಮೂದೇ ರದ್ದಾಗುವ ಸಂಭವ ಇತ್ತು, ಈಗ ಸಂದೇಶವಷ್ಟೇ ತಡವಾಗುತ್ತದೆ. ಇದು ತಿಳಿಯದಿದ್ದರೆ ಏನು ಮಾಡುತ್ತಿದ್ದೆವು ಎಂಬುದೂ ನನಗೆ ಗೊತ್ತು. ಆಫೀಸಿನಲ್ಲಿ ಆಗಲೇ ದೊಡ್ಡ ಸರ್ವರ್ ತೆಗೆದುಕೊಳ್ಳುವ ಮಾತು ನಡೆದಿತ್ತು. ಆ ದುಡ್ಡು ಪ್ರತಿ ತಿಂಗಳೂ ಹೋಗುತ್ತಿತ್ತು, ಕಾಯುವುದು ಒಂದು ಸೆಕೆಂಡೂ ಕಡಿಮೆಯಾಗುತ್ತಿರಲಿಲ್ಲ.

ಕೊರತೆಗಳಿಗೆ ಬರುತ್ತೇನೆ. ಇವು ನಮಗೆ ಆದ ತೊಂದರೆ ಅನ್ನುವುದಕ್ಕಿಂತ ತೆಗೆದುಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಗಳು.

ಪ್ರತಿ ರಿಕ್ವೆಸ್ಟಿನ ಟ್ರೇಸೂ ಸಿಗುತ್ತದೆ ಎಂದುಕೊಳ್ಳಬೇಡಿ. ಡಿಸ್ಟ್ರಿಬ್ಯೂಟೆಡ್ ಟ್ರೇಸಿಂಗ್‌ನಲ್ಲಿ (ಒಂದು ರಿಕ್ವೆಸ್ಟ್ ಹಲವು ಸೇವೆಗಳನ್ನು ದಾಟುವುದನ್ನು ಹಿಂಬಾಲಿಸುವ ಬಗೆ) ಏಜೆಂಟ್ ತಾನಾಗಿ ಆರಿಸಿಕೊಳ್ಳುವುದು ನಿಮಿಷಕ್ಕೆ ಇಷ್ಟೇ ಎಂಬ ಗುರಿಯಷ್ಟು ಟ್ರೇಸ್, ಅದೂ ರಿಕ್ವೆಸ್ಟ್ ಶುರುವಾಗುವಾಗಲೇ. ಅದು ನಿಧಾನವಾಗುತ್ತದೋ ಇಲ್ಲವೋ ಎಂದು ಆಗ ಯಾರಿಗೂ ಗೊತ್ತಿರುವುದಿಲ್ಲ. ಇದರ ಜೊತೆಗೆ ಟ್ರಾನ್ಸಾಕ್ಷನ್ ಟ್ರೇಸ್ ಎಂಬ ಹಳೆಯ ಬಗೆ ಬೇರೆಯೇ ಇದೆ. ಅದು ಒಂದು ಮಿತಿ ದಾಟಿದ ನಿಧಾನದವುಗಳನ್ನೇ ಹಿಡಿಯುತ್ತದೆ. ನನಗೆ ಕೆಲಸಕ್ಕೆ ಬಂದದ್ದು ಹೆಚ್ಚಾಗಿ ಅದೇ. ಸಂಘದವರು "ಇಂಥ ಲಾಟ್, ಇಷ್ಟು ಗಂಟೆಗೆ" ಎಂದು ಹೇಳಿದಾಗ ಸರಿಯಾಗಿ ಆ ಒಂದೇ ರಿಕ್ವೆಸ್ಟ್ ಹುಡುಕಿ ತೆಗೆಯುತ್ತೇನೆಂದರೆ ಎಲ್ಲ ಸಲ ಆಗುವುದಿಲ್ಲ, ಅದೇ ನಿಮಿಷದ ಅದೇ ಬಗೆಯ ಇನ್ನೊಂದನ್ನು ನೋಡಿ ಅರ್ಥ ಮಾಡಿಕೊಳ್ಳಬೇಕು.

ಟ್ರಾನ್ಸಾಕ್ಷನ್ ಟ್ರೇಸಿನ ಆ ಮಿತಿ ಬರುವುದು ಅಪ್‌ಡೆಕ್ಸ್ ಎಂಬ ಅಂಕದಿಂದ. ಟಿ ಎಂಬ ಒಂದು ಸಮಯ ಇಟ್ಟುಕೊಂಡು, ಅದರೊಳಗೆ ಮುಗಿದರೆ ತೃಪ್ತಿ, ನಾಲ್ಕು ಪಟ್ಟಿನೊಳಗೆ ಮುಗಿದರೆ ಸಹಿಸಬಹುದು, ಅದಕ್ಕೂ ಮೀರಿದರೆ ಬೇಸರ, ಟ್ರೇಸ್ ಹಿಡಿಯುವುದು ಇವನ್ನೇ. ಸಹಿಸಿದವರನ್ನು ಅರ್ಧ ಲೆಕ್ಕಕ್ಕೆ ಹಿಡಿದು ಒಟ್ಟಿನಿಂದ ಭಾಗಿಸಿದರೆ ಸೊನ್ನೆಯಿಂದ ಒಂದರವರೆಗಿನ ಅಂಕ. ಏಜೆಂಟ್ ಬರುವಾಗ ಟಿ 0.5 ಸೆಕೆಂಡ್ ಇರುತ್ತದೆ. ದರ ಹಾಕುವ ಬಟನ್ನಿಗೆ ಅದು ಸರಿ. ವರ್ಷದ ಲೆಕ್ಕಪತ್ರದ ಪಿಡಿಎಫ್ ತೆಗೆಯುವುದಕ್ಕೆ ಅದೇ ಅಳತೆ ಹಿಡಿದರೆ ಅನ್ಯಾಯ, ಅಲ್ಲಿ ಜನ ಹತ್ತು ಸೆಕೆಂಡ್ ಕಾಯಲು ತಯಾರಿರುತ್ತಾರೆ. ಮುಖ್ಯವಾದವುಗಳನ್ನು ಕೀ ಟ್ರಾನ್ಸಾಕ್ಷನ್ ಎಂದು ಗುರುತಿಸಿ ಬೇರೆ ಟಿ ಕೊಡಲು ಬರುತ್ತದೆ, ಅದನ್ನು ಮಾಡಿಕೊಳ್ಳಿ. ಇಲ್ಲವಾದರೆ ಆ ಒಂದು ಅಂಕ ಏನನ್ನೂ ಹೇಳುವುದಿಲ್ಲ.

ಲಾಗ್ ವಿಷಯದಲ್ಲಿ ಎಚ್ಚರ ಬೇಕು. ಜಾವಾ ಏಜೆಂಟಿನ ಈಚಿನ ಆವೃತ್ತಿಗಳು ನಡೆದದ್ದನ್ನೆಲ್ಲ ಆ್ಯಪ್ ಬರೆದಿಡುವ ಲಾಗ್ ಸಾಲುಗಳನ್ನೂ ತಾವಾಗಿಯೇ ಕಳಿಸುತ್ತವೆ. ಟ್ರೇಸ್ ಪಕ್ಕದಲ್ಲೇ ಲಾಗ್ ಕಾಣುವುದು ಅನುಕೂಲವೇ. ಆದರೆ 100 ಜಿಬಿಯನ್ನು ತಿಂದುಹಾಕುವುದು ಟ್ರೇಸ್‌ಗಳಲ್ಲ, ಲಾಗ್‌ಗಳು. ಅದಕ್ಕಿಂತ ದೊಡ್ಡದು ಇನ್ನೊಂದು. ಲಾಗ್ ಸಾಲಿನಲ್ಲಿ ಬೆಳೆಗಾರನ ಹೆಸರು, ಮೊಬೈಲ್ ನಂಬರ್, ಬ್ಯಾಂಕ್ ಖಾತೆ ಇದ್ದರೆ ಅದೂ ದೇಶದಾಚೆಗೆ ಹೋಗುತ್ತದೆ. ಕ್ವೆರಿಗಳ ಮಟ್ಟಿಗೆ ಏಜೆಂಟ್ ಜಾಗ್ರತೆ ವಹಿಸುತ್ತದೆ, ಒಳಗಿನ ಹೆಸರು, ನಂಬರಿನಂಥ ಮೌಲ್ಯಗಳನ್ನು ತೆಗೆದು ಪ್ರಶ್ನೆ ಚಿಹ್ನೆ ಹಾಕಿಯೇ ಕಳಿಸುವುದು. ಲಾಗ್‌ಗಳಿಗೆ ನಾವೇ ಜವಾಬ್ದಾರರು. ನಾವು ಏಜೆಂಟಿನ ಲಾಗ್ ಕಳಿಸುವ ಆಯ್ಕೆಯನ್ನು ಆಫ್ ಮಾಡಿ, ಎರರ್ ಆದಾಗ ಬೇಕಾಗುವಷ್ಟನ್ನು ಮಾತ್ರ, ಹೆಸರು ನಂಬರ್ ಇಲ್ಲದೆ, ಲಾಟ್ ನಂಬರ್ ಒಂದರಿಂದಲೇ ಗುರುತು ಹಿಡಿಯುವಂತೆ ಕಳಿಸುತ್ತೇವೆ. ವೈಯಕ್ತಿಕ ಡೇಟಾ ರಕ್ಷಣೆಗೆಂದು 2023ರಲ್ಲಿ ಕಾನೂನೇ ಬಂದಿದೆ. ಕಾನೂನು ಇರಲಿ ಬಿಡಲಿ, ಸಂಘವನ್ನು ನಂಬಿ ಕೊಟ್ಟ ಬ್ಯಾಂಕ್ ಖಾತೆ ನಂಬರ್ ಗ್ರಾಫ್ ನೋಡುವವರ ಕಣ್ಣಿಗೆ ಬೀಳಬಾರದು.

ಡೇಟಾ ಎಷ್ಟು ದಿನ ಇರುತ್ತದೆ ಎನ್ನುವುದು ನಮ್ಮಂಥ ಸೀಸನ್ ವ್ಯವಹಾರಕ್ಕೆ ನಿಜವಾದ ಮಿತಿ. ಟ್ರಾನ್ಸಾಕ್ಷನ್‌ಗಳ ಮತ್ತು ಟ್ರೇಸ್‌ಗಳ ವಿವರ ಇರುವುದು 8 ದಿನ, ಲಾಗ್ 30 ದಿನ. ಹೋದ ವರ್ಷ ಕೊಯ್ಲಿನ ಭರದಲ್ಲಿ ಪಿ95 ಎಷ್ಟಿತ್ತು, ಈ ವರ್ಷ ಎಷ್ಟಿದೆ ಎಂದು ಆ ವಿವರದೊಂದಿಗೆ ಪಕ್ಕಪಕ್ಕ ಇಟ್ಟು ನೋಡಲು ಆಗುವುದಿಲ್ಲ. ವಾರಕ್ಕೊಮ್ಮೆ ಅವರ ಕ್ವೆರಿ ಭಾಷೆಯಲ್ಲೇ ದರ ಹಾಕುವುದು, ಲಾಟ್ ಪಟ್ಟಿ, ದರ ಘೋಷಣೆ ಇವುಗಳ ಪಿ50, ಪಿ95, ಪಿ99 ತೆಗೆದು ನಮ್ಮದೇ ಶೀಟಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಆ ಕ್ವೆರಿ ಭಾಷೆ ಮಾತ್ರ ಬಹಳ ಚೆನ್ನಾಗಿದೆ. ಡೇಟಾಬೇಸುಗಳ ಎಸ್‌ಕ್ಯೂಎಲ್ ಭಾಷೆ ಬಲ್ಲವರು ಒಂದು ಮಧ್ಯಾಹ್ನದಲ್ಲಿ ಕಲಿತುಬಿಡಬಹುದು. ಒಂದು ಗಂಟೆಯಿಂದ ಈಚೆಗೆ, ಟ್ರಾನ್ಸಾಕ್ಷನ್ ಹೆಸರಿನ ಪ್ರಕಾರ ಗುಂಪು ಮಾಡಿ ಎಂದು ಹೇಳಿದರೆ ಸಾಕು.

ಬ್ರೌಸರ್ ಕಡೆ ಅಳೆಯುವ ಭಾಗವೂ ಇದೆ, ಪುಟದ ಮುಖ್ಯ ಭಾಗ ಕಣ್ಣಿಗೆ ಬೀಳಲು ಎಷ್ಟು ಹಿಡಿಯಿತು ಎಂಬುದೆಲ್ಲ. ಅದರಿಂದ ನನಗಾದ ಉಪಯೋಗ ಕಡಿಮೆ. ಊರಿನ ಪ್ರಕಾರ ನೋಡೋಣವೆಂದರೆ ಮೊಬೈಲ್ ನೆಟ್‌ವರ್ಕ್‌ನಲ್ಲಿ ಐಪಿ ವಿಳಾಸದಿಂದ ಊರು ಸರಿಯಾಗಿ ಸಿಗುವುದಿಲ್ಲ, ಯಲ್ಲಾಪುರದ ತೋಟದಲ್ಲಿ ನಿಂತು ದರ ನೋಡಿದವರೂ ಬೆಂಗಳೂರಿನವರಾಗಿಯೇ ಕಾಣುತ್ತಾರೆ. ಇದು ಯಾವ ಸೇವೆ ತೆಗೆದುಕೊಂಡರೂ ಇರುವ ಮಾತು. ಸಂಘದ ಕೋಡ್ ಅನ್ನು ನಾವೇ ಒಂದು ಗುರುತಾಗಿ ಸೇರಿಸಿ ಕಳಿಸಿದ ಮೇಲೆ ಯಾವ ಸಂಘದ ಜನರಿಗೆ ತಡವಾಗುತ್ತಿದೆ ಎಂದು ತಿಳಿಯುವಂತಾಯಿತು.

ಅಲರ್ಟ್‌ಗಳನ್ನು ಕಡಿಮೆ ಇಡಿ. ವಾಡಿಕೆಗಿಂತ ಭಿನ್ನವಾದರೆ ತಾನೇ ಗುರುತಿಸಿ ಎಚ್ಚರಿಸುವ ಬಗೆಯೂ ಅವರಲ್ಲಿದೆ, ಆದರೆ ದಿನವೆಲ್ಲ ಮೌನ, ಮಧ್ಯಾಹ್ನ ಒಮ್ಮೆಲೇ ಜಾತ್ರೆ ಅನ್ನುವ ನಮ್ಮ ವ್ಯವಹಾರಕ್ಕೆ ಸ್ಥಿರವಾದ ಮಿತಿಯೇ ಒಗ್ಗುತ್ತದೆ. ದರ ಹಾಕುವ ಟ್ರಾನ್ಸಾಕ್ಷನ್ನಿನ ಪಿ95 ಸತತ ಐದು ನಿಮಿಷ ಎರಡು ಸೆಕೆಂಡ್ ಮೀರಿದರೆ ಫೋನಿಗೆ ಬರಲಿ ಎಂದು ಒಂದು. ಎರರ್ ಪ್ರಮಾಣಕ್ಕೆ ಒಂದು. ಎಸ್‌ಎಂಎಸ್ ಸರತಿ ಬೆಳೆಯುತ್ತ ಹೋದರೆ ಇನ್ನೊಂದು. ರಾತ್ರಿ ಮೂರೇ ಮೂರು ರಿಕ್ವೆಸ್ಟ್ ಬಂದಾಗ ಅದರಲ್ಲಿ ಒಂದು ನಿಧಾನವಾದರೂ ಪಿ95 ಏರಿಬಿಡುತ್ತದೆ, ಹಾಗಾಗಿ ಟೆಂಡರ್ ಇಲ್ಲದ ಹೊತ್ತನ್ನು ಮ್ಯೂಟ್ ಮಾಡುವ ನಿಯಮ ಹಾಕಿದ್ದೇವೆ. ಇದಲ್ಲದೆ ಸೈಟ್ ಎದ್ದಿದೆಯೇ ಎಂದು ಹೊರಗಿನಿಂದ ತಟ್ಟಿ ನೋಡುವ ಪಿಂಗ್ ಪರೀಕ್ಷೆ ಉಚಿತ, ಮುಂಬೈಯಿಂದಲೂ ತಟ್ಟಿಸಬಹುದು.

ಪೂರ್ತಿ ಹಕ್ಕಿನ ಬಳಕೆದಾರ ಒಬ್ಬರೇ ಉಚಿತ ಎಂದೆನಲ್ಲ, ಅದು ಬೆಳೆಯುವ ತಂಡಕ್ಕೆ ತೊಡಕಾಗುವ ಜಾಗ. ಟ್ರೇಸ್ ಬಿಡಿಸಿ ನೋಡುವ ಪುಟಗಳು ಬೇಸಿಕ್ ಬಳಕೆದಾರರಿಗೆ ತೆರೆಯುವುದಿಲ್ಲ. ಎರಡನೆಯವರು ಬೇಕೆಂದಾಗ ತಿಂಗಳ ಬಿಲ್ ಡಾಲರಿನಲ್ಲಿ ಶುರುವಾಗುತ್ತದೆ. ಡೇಟಾಗಿಂತ ಜನರ ಲೆಕ್ಕವೇ ಹೆಚ್ಚು ಬೀಳುವುದು. ಒಬ್ಬರೋ ಇಬ್ಬರೋ ಸರ್ವರ್ ನೋಡಿಕೊಳ್ಳುವ ಕಡೆ ನಾನು ಧೈರ್ಯವಾಗಿ ಹೇಳುತ್ತೇನೆ, ತೆಗೆದುಕೊಳ್ಳಿ. ಹತ್ತಾರು ಡೆವಲಪರ್‌ಗಳೆಲ್ಲ ಟ್ರೇಸ್ ನೋಡಬೇಕಾದ ತಂಡ ಮೊದಲು ಕ್ಯಾಲ್ಕುಲೇಟರ್ ಹಿಡಿದು ಕೂರಲಿ.

ಪ್ರೊಮಿಥಿಯಸ್, ಗ್ರಫಾನಾ ಎಂಬ ಮುಕ್ತ ಅಳತೆ ತಂತ್ರಾಂಶಗಳನ್ನು ನಾವೇ ನಡೆಸಿಕೊಳ್ಳಬಹುದಿತ್ತಲ್ಲ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ನಡೆಸಿಕೊಳ್ಳಬಹುದು. ಆದರೆ ಅದನ್ನು ಅಪ್‌ಡೇಟ್ ಮಾಡಿ, ಡಿಸ್ಕ್ ತುಂಬದಂತೆ ನೋಡಿ, ಅದು ಬಿದ್ದರೆ ಎಬ್ಬಿಸುವವಳೂ ನಾನೇ. ಕೊಯ್ಲಿನ ತಿಂಗಳುಗಳಲ್ಲಿ ಅಷ್ಟು ಬಿಡುವು ನನಗಿಲ್ಲ. ಒಂದೇ ಕಂಪನಿಗೆ ಕಟ್ಟುಬೀಳುವ ಭಯಕ್ಕೆ ಓಪನ್‌ಟೆಲಿಮೆಟ್ರಿ ಇದೆ. 2019ರಲ್ಲಿ ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಎಂಬ ಹಳೆಯ ಎರಡು ಯೋಜನೆಗಳು ಸೇರಿ ಆದ, ಅಳತೆಯ ಡೇಟಾ ಸಂಗ್ರಹಿಸಿ ಕಳಿಸುವ ಮುಕ್ತ ವ್ಯವಸ್ಥೆ. ಅದರ ಏಜೆಂಟ್ ಹಾಕಿಕೊಂಡರೆ ಅದೇ ಡೇಟಾವನ್ನು ನ್ಯೂ ರೆಲಿಕ್‌ಗೂ ಕಳಿಸಬಹುದು, ಸಿಗ್‌ನೋಜ್‌ನಂಥ ಮುಕ್ತ ತಂತ್ರಾಂಶಕ್ಕೂ ಕಳಿಸಬಹುದು. ಎಸ್‌ಎಂಎಸ್ ಕಳಿಸುವ ಆ ಸಣ್ಣ ಪ್ರೋಗ್ರಾಂಗೆ ಮೊದಲು ಓಪನ್‌ಟೆಲಿಮೆಟ್ರಿ ಹಾಕಿ ನೋಡುತ್ತಿದ್ದೇನೆ. ಅದರ ಟ್ರೇಸ್‌ಗಳು ಈಗ ಬರುತ್ತಿವೆ, ದರ ಘೋಷಣೆಯ ಟ್ರೇಸ್ ಜೊತೆ ಒಂದೇ ಸಾಲಿನಲ್ಲಿ ಜೋಡಿಸುವುದು ಬಾಕಿ ಇದೆ. ನಡುವೆ ಟೇಬಲ್ ಇರುವುದರಿಂದ ಟ್ರೇಸ್ ಐಡಿಯನ್ನು ನಾವೇ ಆ ಸಾಲಿನಲ್ಲಿ ಬರೆದಿಟ್ಟು ದಾಟಿಸಬೇಕು. ಚಾಲಿ ಅಡಿಕೆ ಮಾರಾಟಕ್ಕೆ ಬರುವುದರೊಳಗೆ ಅದೂ ಆಗುತ್ತದೆ.